ಹಿಂದಿನ ಕೋಣೆಗೆ ಬಾರದ ಲೈನು

ಶ್ರೀವಾಣಿ ಮುಳಬಾಗಿಲಿಗೆ ಬಂದದ್ದೇ ಇಂಟರ್ನೆಟ್ಟಿಗಾಗಿ. ಕುರುಡುಮಲೆಯ ಪುರೋಹಿತರೊಬ್ಬರ ಮಗಳು. ಗಂಡ ಬಿಟ್ಟ ಮೇಲೆ ಆರು ವರ್ಷ ಅಣ್ಣನ ಮನೆಯಲ್ಲಿ ಅತ್ತಿಗೆಯ ಮುಖ ನೋಡಿಕೊಂಡು ಉಂಡವಳು. ಡಾಕ್ಟರುಗಳ ಮಾತಿನ ರೆಕಾರ್ಡಿಂಗ್ ಕೇಳಿ ಟೈಪ್ ಮಾಡುವ ಕೆಲಸ ಸಿಕ್ಕಿತ್ತು. ಮೂರು ತಿಂಗಳು ಪರೀಕ್ಷೆ. ದಿನವೂ ಸಂಜೆ ಆರರೊಳಗೆ ಕಳಿಸಿದರೆ ಕಾಯಂ. ಅವಳ ಹಳ್ಳಿಯಲ್ಲಿ ಆಗಿನ್ನೂ ಬ್ರಾಡ್‌ಬ್ಯಾಂಡ್ ಇರಲಿಲ್ಲ. ೨೦೦೮ರ ಮಾರ್ಚಿನಲ್ಲಿ ನಮ್ಮ ಹಿಂದಿನ ಕೋಣೆಯನ್ನು ಆ ಮೂರು ತಿಂಗಳಿಗೆಂದು ಹಿಡಿದಳು.

ನಾನು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದವನು. ಯಾವುದು ಹಾಕಿಸಲಿ ಎಂದು ನನ್ನನ್ನೇ ಕೇಳಿದಳು. ಕೇಬಲ್‌ನವನು ವರ್ಷಕ್ಕಾದರೆ ಮಾತ್ರ ಎಂದಿದ್ದ. ಅವಳ ಹೆಸರಿಗೇ ಫೋನ್ ಬೇಕಾದರೆ ಮನೆ ಮಾಲೀಕರ ಪತ್ರ ಬೇಕಿತ್ತು. ಅಪ್ಪ ಕೊಡಲಿಲ್ಲ. ಬಾಡಿಗೆಯವರ ಹೆಸರಿಗೆ ಬಿಲ್ಲು ಬಂದರೆ ನಾಳೆ ಮನೆಯೇ ತಮ್ಮದು ಎನ್ನುತ್ತಾರೆಂಬ ಭಯ ನಮ್ಮೂರಿನ ಎಲ್ಲ ಮಾಲೀಕರಿಗೂ ಇತ್ತು. ಹಾಗಾದರೆ ನಮ್ಮ ಫೋನಿಗೇ ಬ್ರಾಡ್‌ಬ್ಯಾಂಡ್ ಹಾಕಿಸಿ ಹಿಂದಕ್ಕೆ ಒಂದು ವೈರ್ ಎಳೆಸಿದರಾಯಿತು ಎಂದೆ. ಅಷ್ಟರಮಟ್ಟಿಗೆ ನಾನು ದೊಡ್ಡ ಮನುಷ್ಯ.

ಆ ಸಂಜೆ ಅಮ್ಮ ನನ್ನನ್ನು ಅಡಿಗೆಮನೆಗೆ ಕರೆದಳು. "ಮನಕೆಂದುಕುರಾ ವಂಶಿ? ನಮಗ್ಯಾಕೆ ಇಲ್ಲದ ಉಸಾಬರಿ? ಗಂಡ ಬಿಟ್ಟೋಳ ಪರ ನೀನು ಓಡಾಡಿದ್ರೆ ಜನ ಏನಂದ್ಕೊಳ್ತಾರೆ?"

ಮರುದಿನ ಶ್ರೀವಾಣಿ ಅಪ್ಪನನ್ನು ಕೇಳಲು ಬಂದಳು.

"ನೋಡಮ್ಮ, ನೀನು ದಿನವೆಲ್ಲ ನೆಟ್ಟಲ್ಲಿ ಕೂತ್ರೆ ನಮ್ ಫೋನು ಎಂಗೇಜ್ ಬರುತ್ತೆ. ನಮ್ ಅನಿತಂಗೆ ಗಂಡು ನೋಡ್ತಿದೀವಿ. ಅವ್ರು ಫೋನ್ ಮಾಡಿದ್ರೆ?" ಎಂದರು ಅಪ್ಪ.

"ಹಾಗಾಗಲ್ವಂತೆ ಅಂಕಲ್. ಎರಡೂ ಒಟ್ಟಿಗೇ ನಡೆಯುತ್ತಂತೆ. ಬೇಕಾದ್ರೆ ವಂಶಿ ಅವರನ್ನೇ ಕೇಳಿ."

"ಏನೋ?" ಎಂದು ಅಪ್ಪ ನನ್ನ ಕಡೆ ತಿರುಗಿದರು.

ಎಂಗೇಜ್ ಬರುತ್ತಿದ್ದದ್ದು ಹಳೆಯ ಡಯಲಪ್ ಕನೆಕ್ಷನ್ನಿನಲ್ಲಿ, ಬ್ರಾಡ್‌ಬ್ಯಾಂಡಿನಲ್ಲಿ ಅಲ್ಲ. ಹಿಂದಿನ ವಾರವಷ್ಟೇ ಅದನ್ನು ಬೋರ್ಡಿನ ಮೇಲೆ ಚಿತ್ರ ಬರೆದು ಪಾಠ ಮಾಡಿದ್ದೆ. ಅಮ್ಮ ಬಾಗಿಲಲ್ಲಿ ನಿಂತಿದ್ದಳು.

"ಒಂದೊಂದ್ಸಲ ಬರ್ಬಹುದಪ್ಪ," ಎಂದೆ.

ಶ್ರೀವಾಣಿ ನನ್ನನ್ನು ಒಮ್ಮೆ ನೋಡಿ ಹಿಂದಿನ ಕೋಣೆಗೆ ಹೋದಳು. ಇಪ್ಪತ್ತೆಂಟು ವರ್ಷದ ಗಂಡಸು ನಾನು. ನಾಚಿಕೆಯಾಗಬೇಕಿತ್ತು, ಆಯಿತು ಕೂಡ, ಆದರೆ ಹೇಳಿದ್ದನ್ನು ತಿದ್ದಲಿಲ್ಲ.

ಅವಳು ಮೊಬೈಲ್ ಸಿಗ್ನಲ್ಲಿನ ಮೇಲೆ ನಡೆಯುವ ಡೇಟಾ ಕಾರ್ಡ್ ತಂದಳು. ಹಿಂದಿನ ಕೋಣೆಯಲ್ಲಿ ಸಿಗ್ನಲ್ ಇಲ್ಲ. ಸಿಗುತ್ತಿದ್ದದ್ದು ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಪಕ್ಕ. ಏಪ್ರಿಲ್ ಬಿಸಿಲಿನಲ್ಲಿ ಕೊಡೆ ಬಿಡಿಸಿ, ಕಂಪನಿಯ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದಳು. ಹಪ್ಪಳ ಒಣಗಿಸಲು ಜಾಗವಿಲ್ಲ ಎಂದು ಅಮ್ಮ ಗೊಣಗಿದಳು. ಮೇ ತಿಂಗಳಲ್ಲಿ ಸಂಜೆ ಮಳೆ ಹಿಡಿಯಿತು. ಐದಕ್ಕೆ ಮೋಡ ಕವಿದರೆ ಆರರೊಳಗೆ ಏನೂ ಹೋಗುತ್ತಿರಲಿಲ್ಲ. ಹೀಗೆ ಹನ್ನೊಂದು ಸಂಜೆ ತಡವಾಯಿತು, ಕಂಪನಿಯವರು ಬೇಡ ಎಂದರು. ತಿಂಗಳ ಕೊನೆಗೆ ಅವಳ ಅಣ್ಣ ಬಂದು ಕರೆದುಕೊಂಡು ಹೋದ. ಮತ್ತೆ ಅದೇ ಅತ್ತಿಗೆಯ ಮನೆ.

ಜುಲೈನಲ್ಲಿ ತಂಗಿ ಅನಿತಳ ಫೋಟೊ ಗಂಡಿನ ಕಡೆಯವರಿಗೆ ಕಳಿಸಲೆಂದು ಅಪ್ಪನೇ ಬ್ರಾಡ್‌ಬ್ಯಾಂಡ್ ಹಾಕಿಸಿದರು, ಅದೇ ಫೋನಿಗೆ. ಮೊದಲ ದಿನ ನಾನು ಫೋಟೊ ಕಳಿಸುತ್ತಿದ್ದಾಗಲೇ ಫೋನ್ ಬಂತು. ಅಪ್ಪ ಮಾತು ಮುಗಿಸಿ, ರಿಸೀವರ್ ಕೈಯಲ್ಲೇ ಹಿಡಿದು ನನ್ನ ಪರದೆಯತ್ತ ನೋಡಿದರು.

"ಲೇ, ಎರಡೂ ನಡೀತಿದೆಯಲ್ಲೋ! ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

ಅಪ್ಪ ರಿಸೀವರನ್ನು ಅದರ ಜಾಗದಲ್ಲಿಟ್ಟರು.

"ಆವತ್ತೇ ಹೇಳೋದಲ್ವೇನೋ? ಪಾಪ, ಆ ಹುಡುಗಿಗೆ ಕೊಡ್ತಿದ್ನಲ್ಲೋ."