ಕೈಗೆ ಸಿಕ್ಕ ನಾಡಿ

ಕುರಿ ಕೊಳ್ಳುವವನ ಹೆಗಲ ಮೇಲಿನ ಟವೆಲ್ಲು ಬೆವರು ಒರೆಸುವುದಕ್ಕಷ್ಟೇ ಅಲ್ಲ. ಔರಾದ ಸಂತೆಯಲ್ಲಿ ಅದನ್ನು ಮಾರುವವನ ಕೈಮೇಲೆ ಹಾಸುತ್ತೇನೆ. ಅದರ ಕೆಳಗೆ ಬೆರಳು ಹಿಡಿದು, ಒತ್ತಿ, ಮಡಚಿ ದರ ಹೇಳಿಕೊಳ್ಳುತ್ತೇವೆ. ಸುತ್ತ ನಿಂತವರಿಗೆ ಕಾಣುವುದು ನಮ್ಮ ಮುಖ ಮಾತ್ರ, ಮುಖವನ್ನು ಕಲ್ಲಾಗಿಸುವುದು ನಮಗೆಲ್ಲ ರೂಢಿ. ಆದರೆ ಕೈ ಹಿಡಿದವನಿಗೆ ಬೆರಳಿನಾಚೆ ನಾಡಿಯೂ ಸಿಗುತ್ತದೆ. ದರ ಒಪ್ಪಿದವನ ನಾಡಿ ಓಡುತ್ತದೆ, ಆಗ ಕೊಳ್ಳುವವನು ಬೆರಳು ಏರಿಸಿ ದರ ಹೆಚ್ಚಿಸಬಾರದು. ಈ ವಿದ್ಯೆಯಲ್ಲಿ ನಾನು ಜಾಣನೆಂದು ಬೀಗುತ್ತಿದ್ದೆ.

ಡಾಬಕಾದ ಧೂಳಪ್ಪ ನನ್ನ ಹಳೆಯ ಗೆಳೆಯ, ಕುರಿ ಸಾಕುವವನು. ಒಂದು ಸಂತೆಯಲ್ಲಿ ಅವನ ನಾಡಿ ಓಡಿತು, ಎಡವಿತು, ನಿಂತೇಹೋಯಿತೇನೋ ಅನ್ನಿಸಿ ಮತ್ತೆ ದೊಡ್ಡಿಯಲ್ಲಿ ಬೆದರಿದ ಕುರಿಗಳಂತೆ ಒಂದರ ಮೇಲೊಂದು ಹಾರಿತು. ಒಂದೇ ಸಂತೆಯೋ, ಮೂರೋ? ನೆನಪು ಈಗ ಎಲ್ಲವನ್ನೂ ಸಾಲಾಗಿ ನಿಲ್ಲಿಸಿ ತೋರಿಸುತ್ತಿದೆ. ಅಷ್ಟು ಅಚ್ಚುಕಟ್ಟಾಗಿ ಬರುವ ನೆನಪನ್ನು ನೀವೂ ನಂಬಬೇಡಿ. ಒಂದು ಮಾತ್ರ ಖರೆ: ಸಂತೆಯ ಮುನ್ನಾದಿನ ಅವನು ಸಂತಪುರದ ನನ್ನ ಮನೆಗೆ ಬಂದಿಳಿಯುತ್ತಿದ್ದ, ಬಾಟಲಿ ತರುತ್ತಿದ್ದವನು ನಾನು.

"ಏನಲೇ, ಎದಿ ಭಾಳ ಹಾರ್ಲಿಕತ್ತದಲ್ಲ?" ಎಂದು ಕಿಚಾಯಿಸಿದ್ದೆ.

"ನಿನ್ನ ಮಾರಿ ನೋಡಿದ್ರ ಕುರೀದು ಸುದ್ದಾ ಹಾರ್ತದ, ಬಿಡೋ," ಅಂದಿದ್ದ.

ಮಾರುವ ಆತುರವೆಂದುಕೊಂಡು ನಾನು ಬೆರಳು ಏರಿಸಲಿಲ್ಲ. ಇನ್ನೊಬ್ಬರ ಎದೆಬಡಿತವನ್ನು ದರಕ್ಕಾಗಿಯೇ ಆಲಿಸುತ್ತ ಬಂದವನಿಗೆ, ಅದು ನೋವನ್ನೂ ಹೇಳಬಹುದೆಂದು ಹೊಳೆಯುವುದಾದರೂ ಹೇಗೆ?

ಹೋದ ಬೇಸಿಗೆಯಲ್ಲಿ ಧೂಳಪ್ಪ ಭಾಲ್ಕಿಯ ಬಸ್ ನಿಲ್ದಾಣದಲ್ಲಿ ಉಸಿರು ಸಿಗದೆ ಕುಸಿದ. ಬೀದರಿನ ಆಸ್ಪತ್ರೆಗೆ ಒಯ್ದೆವು. ಹೃದಯದ ಮೇಲಿನ ಕೋಣೆಗಳು ಹಿಂಡುವುದನ್ನು ಬಿಟ್ಟು ನಡುಗುತ್ತಿವೆ, ವಿಪರೀತ ಕುಡಿದಾಗ ಹೀಗಾಗುವುದುಂಟು, ಕೆಲವರಿಗೆ ತಾನಾಗಿಯೇ ಸರಿಹೋಗಿ ಯಾರಿಗೂ ಗೊತ್ತಾಗುವುದಿಲ್ಲ ಎಂದರು ಡಾಕ್ಟರು. ಆಮೇಲೆ ಕೇಳಿದರು: "ಇದು ಇವತ್ತ ಶುರುವಾಗಿದ್ದೋ, ಹಳೇದೋ? ಹಳೇದಿದ್ರ ಒಳಗ ರಕ್ತ ಹೆಪ್ಪುಗಟ್ಟಿರಬಹುದು. ಶಾಕ್ ಕೊಟ್ಟು ಬಡಿತ ಸರಿ ಮಾಡ್ಲಿಕ್ಕೆ ಹೋದಾಗ ಆ ಹೆಪ್ಪು ಮೆದುಳಿಗೆ ಹೋದ್ರ ಲಕ್ವಾ ಹೊಡೀತದ."

"ಇವತ್ತೇ ರೀ, ಮೊದಲ ಏನೂ ಇದ್ದಿಲ್ರಿ," ಎಂದಳು ಅವನ ಹೆಂಡತಿ ಗಂಗವ್ವ.

ನಾನು ಹೆಗಲ ಮೇಲಿನ ಟವೆಲ್ಲನ್ನು ಮಡಚುತ್ತ ಬಿಚ್ಚುತ್ತ ನಿಂತೆ. ಎಷ್ಟು ಹೊತ್ತು ಎಂಬುದನ್ನು ನೆನಪು ನನ್ನ ಮುಲಾಜಿಗೆ ಬಿದ್ದು ಕಡಿಮೆ ಮಾಡಿ ಹೇಳುತ್ತಿರಬಹುದು. ಕೊನೆಗೆ, "ಹೋದ ವರ್ಷದಿಂದ ಅದ ರೀ. ನನ್ನ ಕೈಗೆ ಸಿಕ್ಕಿತ್ತು," ಎಂದೆ.

ಡಾಕ್ಟರು ಸದ್ಯಕ್ಕೆ ಶಾಕ್ ಬೇಡವೆಂದು ರಕ್ತ ತೆಳುವಾಗಿಸುವ ಗುಳಿಗೆ ಬರೆದರು, ಕುಡಿತ ಪೂರಾ ಬಂದ್ ಎಂದರು. ಧೂಳಪ್ಪ ಮಲಗಿದಲ್ಲಿಂದಲೇ, "ಅಂದ್ರ ನನ್ನ ಎದಿ ಕೆಟ್ಟಿತ್ತಂತ ಕುರಿ ಅಗ್ಗದಾಗ ಒಯ್ದೀಯಲ್ಲೋ, ಹಲ್ಕಟ್!" ಎಂದು ನಕ್ಕ. ವಾರ್ಡಿನವರೂ ನಕ್ಕರು.

ಗಂಗವ್ವ ನಗಲಿಲ್ಲ. ಗುಳಿಗೆ ಯಾವಾಗ್ಯಾವಾಗ, ಓದಿ ಹೇಳು ಅಣ್ಣಾ ಎಂದು ನನ್ನತ್ತ ಚಾಚಿದ್ದ ಚೀಟಿಯನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡಳು. ಪಕ್ಕದ ಹಾಸಿಗೆಯ, ಹೆಸರೂ ಗೊತ್ತಿರದ ಮುದುಕನ ಕೈಗೆ ಕೊಟ್ಟಳು. ಅವನು ಅಕ್ಷರ ಕೂಡಿಸಿ ಓದುವುದನ್ನು ನಾನು ನಿಂತು ಕೇಳಿದೆ.