ಮರಳಿನಿಂದ ಎದ್ದ ಬಶಂದಿ

ಈಜಿಪ್ಟಿನ ನಮ್ಮ ಕುಫ್ತ್ ಊರಿನ ಬಶಂದಿ ಪುರಾತತ್ವದವರ ಕೈಕೆಳಗೆ ಹಳೆಯ ಗೋರಿಗಳನ್ನು ಅಗೆಯುತ್ತಲೇ ಬಾಳು ಸವೆಸಿದವನು. ಸಕ್ಕಾರಾದಲ್ಲಿ ಒಮ್ಮೆ ಗೋರಿಗೆ ಇಳಿಯುವ ಬಾವಿಯಂಥ ಗುಂಡಿ ಕುಸಿದು, ಅವನು ಎದೆಯವರೆಗೂ ಮರಳಿನಲ್ಲಿ ಹೂತುಹೋದ. ಮೊದಲು ಕೆಳಗಿಳಿದವನು ಅಲ್ಲೇ ಅಗೆಯುತ್ತಿದ್ದ ಅವನ ಹೆಂಡತಿಯ ತಮ್ಮ ಶಾಜ್ಲಿ. ಹೊಲದ ಜಗಳದಿಂದ ಇಬ್ಬರ ನಡುವೆ ಮಾತು ನಿಂತುಹೋಗಿತ್ತು. ಗುದ್ದಲಿ ತಗುಲೀತೆಂದು ಶಾಜ್ಲಿ ಬರಿಗೈಯಲ್ಲೇ ಮರಳು ತೋಡತೊಡಗಿದ.

“ಹೋಗೋ ಮಾರಾಯ, ನಿನ್ ಮೇಲೂ ಕುಸಿಯುತ್ತೆ,” ಎಂದ ಬಶಂದಿ.

“ಸುಮ್ನಿರು ಭಾವ. ಇಲ್ಲೇ ಬಿಟ್ರೆ ನಾಳೆ ಯಾರಾದ್ರೂ ನಿನ್ನನ್ನ ಫರೋ ರಾಜ ಅಂದ್ಕೊಂಡು ಮ್ಯೂಸಿಯಂನಲ್ಲಿ ಇಡ್ತಾರೆ. ನಮ್ಮಕ್ಕ ಟಿಕೆಟ್ ತಗೊಂಡು ಗಂಡನ್ನ ನೋಡ್ಬೇಕಾ?”

ಸಂಜೆಗೆ ಗುಂಡಿಯಿಂದ ಮೇಲೆ ಬಂದ ಬಶಂದಿ, ಉಗುರು ಕಿತ್ತುಹೋಗಿದ್ದ ಶಾಜ್ಲಿಯ ಬೆರಳುಗಳನ್ನು ಹಿಡಿದು ಅತ್ತುಬಿಟ್ಟ. ಈಗ ಬಶಂದಿಗೆ ಎಪ್ಪತ್ತು ದಾಟಿದೆ. ಬಕ್ರೀದಿಗೆ ಕುರಿ ಕೊಯ್ದರೆ, ಮೊದಲ ತಟ್ಟೆಯನ್ನು ತಾನೇ ಹೊತ್ತು ಶಾಜ್ಲಿಯ ಮನೆಗೆ ನಡೆಯುತ್ತಾನೆ.