ಎರಡನೇ ತುಂಡಿಲ್ಲದ ಕಲ್ಲು

ಕಲ್ಲಿಗೆ ಇಂಗಾಲದ ಡೈಆಕ್ಸೈಡ್ ಕುಡಿಸುವುದೇ ನಿನ್ನ ಕೆಲಸ ಎಂದಾಗ ತಮಾಷೆ ಎಂದುಕೊಂಡೆ. ನಮ್ಮೂರು ಅಜ್ಜಾವರದಲ್ಲಿ ನನಗೆ ಗೊತ್ತಿದ್ದದ್ದು ಮನೆ ಕಟ್ಟುವ ಕೆಂಪು ಮುರಕಲ್ಲು. ಗುಜರಾತಿನ ಈ ಪ್ರಯೋಗಾಲಯದಲ್ಲಿ ಕೈಗಿಟ್ಟದ್ದು ಎಣ್ಣೆಬಾವಿಯ ಆಳದಿಂದ ಕೊರೆದು ತೆಗೆದ, ಬೆರಳುದ್ದದ ಮರಳುಗಲ್ಲು. ಮೂಗಿಗೆ ಹಿಡಿದರೆ ಡೀಸೆಲ್ ವಾಸನೆ.

ಈ ಅನಿಲವನ್ನು ಒತ್ತಿ ನುಗ್ಗಿಸಿದರೆ ಕಲ್ಲಿಗಂಟಿದ ಎಣ್ಣೆ ಸಡಿಲವಾಗಿ ಹೊರಬರುತ್ತದೆ. ಆದರೆ ಅದು ಕಲ್ಲಿನೊಳಗಿನ ಉಪ್ಪುನೀರಿನಲ್ಲಿ ಕರಗಿ, ಸೋಡಾದಂತೆ ಹುಳಿಯಾಗಿ, ಕಲ್ಲನ್ನೂ ಸವೆಸುತ್ತದೆ. ಆ ಸವೆತವನ್ನು ಅಳೆಯುವುದು ನಮ್ಮ ಕೆಲಸ.

ಬಾಡಿಗೆ ಕೋಣೆ ಬೇಗ ಸಿಕ್ಕಿತು, ಕುಚ್ಚಲಕ್ಕಿ ಸಿಗಲಿಲ್ಲ. ಇಲ್ಲಿ ಬೇಳೆಸಾರಿಗೆ ಬೆಲ್ಲ ಹಾಕುತ್ತಾರೆ. ಮೊದಲ ದಿನ ಪಾಯಸವೆಂದು ಊಟದ ಕೊನೆಗೆ ಉಳಿಸಿಕೊಂಡಿದ್ದೆ. ಊರಿನ ಹತ್ತಿರದ ಸುಳ್ಯ ಪೇಟೆಗೆ ಹೋಗಿ ಬರುವಷ್ಟರಲ್ಲಿ ಮೂರು ಭಾಷೆ ಆಡುತ್ತಿದ್ದವಳು ಇಲ್ಲಿ ಗುಜರಾತಿ ಬಾರದೆ ಸುಮ್ಮನೆ ತಲೆಯಾಡಿಸುತ್ತಿದ್ದೆ.

ಕೆಲಸ ಖಾಯಂ ಆಗುವ ಮೊದಲು ನಾನೊಬ್ಬಳೇ ಒಂದು ಪ್ರಯೋಗ ಮಾಡಬೇಕಿತ್ತು. ಹುಳಿನೀರಿಗೆ ಕಲ್ಲಿನ ಸುಣ್ಣದಂಶ ಕರಗಿ ರಂಧ್ರಗಳು ಅಗಲವಾಗಿ, ನೀರು ಸಲೀಸಾಗಿ ಹರಿಯಬೇಕೆಂದು ಎಲ್ಲರ ನಿರೀಕ್ಷೆ. ನನ್ನ ಕಲ್ಲು ಎರಡನೇ ದಿನಕ್ಕೆ ನೀರೇ ಹರಿಯದಂತೆ ಕಟ್ಟಿಕೊಂಡಿತು. ನೀರು ಸರಿಯಾಗಿ ಸೋಸದೆ ಕಸ ನುಗ್ಗಿಸಿದೆನೇ? ಆ ಬಾವಿಯ ಕಲ್ಲು ನಮ್ಮಲ್ಲಿ ಇನ್ನೊಂದು ತುಂಡಿರಲಿಲ್ಲ. ಹಿರಿಯರಾದ ಹಂಸಾಬೇನ್ ಎದುರು ನಿಂತು, "ನನ್ನಿಂದಲೇ ಹಾಳಾಯಿತು" ಎಂದೆ. ಬೇನ್ ಅಂದರೆ ಅಕ್ಕ.

"ಕಲ್ಲನ್ನು ಕೇಳದೆ ಯಾಕೆ ಒಪ್ಪಿಕೊಳ್ಳುತ್ತೀ?" ಎಂದರು ಹಿಂದಿಯಲ್ಲಿ.

ಕಲ್ಲನ್ನು ಉದ್ದಕ್ಕೆ ಸೀಳಿ, ತೆಳ್ಳಗೆ ಉಜ್ಜಲು ಎರಡು ದಿನ ಹಿಡಿಯಿತು; ಆಮೇಲೆ ಸೂಕ್ಷ್ಮದರ್ಶಕದಡಿ ಇಟ್ಟೆವು. ಹೊರಗಿನ ಕಸವಾದರೆ ನೀರು ಒಳಹೋಗುವ ತುದಿಯಲ್ಲೇ ತಡೆಯಬೇಕಿತ್ತು. ಅಲ್ಲಿ ರಂಧ್ರಗಳು ಅಗಲವಾಗಿ, ಸ್ವಚ್ಛವಾಗಿದ್ದವು. ಸುಣ್ಣ ಕರಗಿದಾಗ ಅದು ಹಿಡಿದಿಟ್ಟಿದ್ದ ಜೇಡಿಕಣಗಳು ಬಿಡಿಸಿಕೊಂಡು, ಹರಿದುಹೋಗಿ, ಮುಂದಿನ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡಿದ್ದವು.

"ತಪ್ಪು ನಿನ್ನದಲ್ಲ. ಬಾವಿಯಲ್ಲೂ ಹೀಗಾಗಬಹುದೆಂದು ಈಗಲೇ ಗೊತ್ತಾಯಿತಲ್ಲ!" ಎಂದು ಹಂಸಾಬೇನ್ ಬೆನ್ನು ತಟ್ಟಿದರು. ಕುರ್ಚಿಯಲ್ಲಿ ಕುಳಿತು ನಕ್ಕುಬಿಟ್ಟೆ. ಎರಡು ದಿನದ ನಂತರ ಆವತ್ತು ಹೊಟ್ಟೆ ತುಂಬ ಉಂಡೆ.

ಕೆಲಸ ಖಾಯಂ ಆದ ಸಂಜೆ, ಪುತ್ತೂರಿನ ಕಾಲೇಜಿನಲ್ಲಿ ಜೊತೆಗೆ ಓದಿದ, ಈಗ ಅಲ್ಲೇ ದರ್ಬೆಯಲ್ಲಿರುವ ಶಾಹಿನಾಗೆ ಫೋನ್ ಮಾಡಿದೆ.

"ಒಳ್ಳೇದಾಯ್ತು ಮಾರಾಯ್ತಿ! ಅಂದ್ರೆ ಇನ್ನು ನೀನು ವಾಪಸ್ ಬರುದಿಲ್ಲ, ಅಲ್ವಾ?"

"ಎಂತ ಹಾಗೆ ಹೇಳುದು? ರಜೆ ಉಂಟಲ್ಲ, ಬರ್ತೇನೆ."

ಊರಿಗೆ ಹೋಗಲು ರಜೆ ಬೇಕೆಂದು ನಾನು ಹೇಳಿದ್ದು ಅದೇ ಮೊದಲು. ಕೆಲಸ ಹೋದೀತೆಂದು ಹೆದರಿದ್ದ ಆ ಎರಡು ದಿನ ಮನಸ್ಸಿನ ಒಂದು ಮೂಲೆ ಊರಿಗೆ ಹೊರಡಲು ಆಗಲೇ ಬಟ್ಟೆ ಮಡಚಿಡುತ್ತಿತ್ತೆಂಬುದನ್ನು ಮಾತ್ರ ಅವಳಿಗೆ ಹೇಳಲಿಲ್ಲ.